ಫೋನಿಗೆ ಬರುವ ನಕ್ಷೆಯನ್ನು ಓದುವುದು ಹೇಗೆ? ಮಕ್ಕಳಿಗೂ ದೊಡ್ಡವರಿಗೂ ಒಂದು ಪಾಠ

ದೀಪಾವಳಿ ಹತ್ತಿರ ಬಂತೆಂದರೆ ಒಂದು ಚಿತ್ರ ತಪ್ಪದೆ ಫೋನಿಗೆ ಬರುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಭಾರತದ ಆಕಾರ, ಅದರ ತುಂಬ ಬಿಳಿ, ನೀಲಿ, ಹಸಿರು, ಕೆಂಪು ಚುಕ್ಕೆಗಳು. ಕೆಳಗೊಂದು ಸಾಲು: "ದೀಪಾವಳಿ ರಾತ್ರಿ ನಾಸಾ ಬಾಹ್ಯಾಕಾಶದಿಂದ ತೆಗೆದ ಭಾರತದ ಫೋಟೋ, ಎಲ್ಲರಿಗೂ ಕಳಿಸಿ." ಮನೆಯ ಗುಂಪಿನಲ್ಲಿ, ಶಾಲೆಯ ಗುಂಪಿನಲ್ಲಿ, ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಎಲ್ಲರೂ ಕೈ ಮುಗಿಯುವ ಗುರುತು ಹಾಕುತ್ತಾರೆ.

ಅದು ದೀಪಾವಳಿಯ ಫೋಟೋ ಅಲ್ಲ. ಫೋಟೋವೇ ಅಲ್ಲ, ನಕ್ಷೆ. ಅಮೆರಿಕದ ಹವಾಮಾನ ಉಪಗ್ರಹಗಳು ಹಲವು ವರ್ಷ ಸಂಗ್ರಹಿಸಿದ ಮಾಹಿತಿಯನ್ನು ಸೇರಿಸಿ, ಅಲ್ಲಿನ ನೋವಾ ಸಂಸ್ಥೆಯ ವಿಜ್ಞಾನಿಗಳು ಜನವಸತಿ ಹೇಗೆ ಬೆಳೆಯಿತು ಎಂದು ತೋರಿಸಲು ಮಾಡಿದ್ದು. 1992ಕ್ಕಿಂತ ಮೊದಲೇ ಕಾಣುತ್ತಿದ್ದ ಬೆಳಕು ಬಿಳಿ. 1992ರಲ್ಲಿ ಹೊಸದಾಗಿ ಕಂಡದ್ದು ನೀಲಿ, 1998ರಲ್ಲಿ ಕಂಡದ್ದು ಹಸಿರು, 2003ರಲ್ಲಿ ಕಂಡದ್ದು ಕೆಂಪು. ಕೆಂಪು ಚುಕ್ಕೆ ಪಟಾಕಿಯದ್ದಲ್ಲ, ಹೊಸದಾಗಿ ಬೆಳೆದ ಊರಿನದ್ದು. ನಿಜವಾದ ದೀಪಾವಳಿಯ ಸಮಯದ ಚಿತ್ರವೂ ಇದೆ: 2012ರ ನವೆಂಬರ್ 12ರ ರಾತ್ರಿ ಸುವೋಮಿ ಎನ್‌ಪಿಪಿ ಉಪಗ್ರಹ ತೆಗೆದದ್ದು. ಅದು ಬೇರೆ ಯಾವ ರಾತ್ರಿಯ ಹಾಗೆಯೇ ಇದೆ. ಹಣತೆ, ಪಟಾಕಿಗಳಿಂದ ಹೆಚ್ಚಾಗುವ ಬೆಳಕು ಅಷ್ಟು ಮೇಲಿನಿಂದ ಗುರುತಿಸುವಷ್ಟು ಇರುವುದಿಲ್ಲ ಎಂದು ನಾಸಾ ಆಗಲೇ ಹೇಳಿತ್ತು.

ಹಾಗಿದ್ದರೆ ಮೋಸ ಎಲ್ಲಿ ಆಯಿತು? ಚಿತ್ರವನ್ನು ಯಾರೂ ತಿದ್ದಲಿಲ್ಲ. ಯಾವ ಬಣ್ಣ ಯಾವ ವರ್ಷದ್ದು ಎಂದು ಹೇಳುವ ಸಾಲುಗಳು ಜೊತೆಯಲ್ಲಿ ಬರಲಿಲ್ಲ, ಅಷ್ಟೇ. ಶಾಲೆಯ ಪುಸ್ತಕದಲ್ಲಿ ಆ ಭಾಗಕ್ಕೆ ಸಂಕೇತ ಸೂಚಿ ಎನ್ನುತ್ತಾರೆ. ಸೂಚಿ ಕತ್ತರಿಸಿದ ನಕ್ಷೆಗೆ ಯಾವ ಕಥೆಯನ್ನಾದರೂ ಅಂಟಿಸಬಹುದು. ನಮ್ಮಲ್ಲಿ ನಕ್ಷೆ ಎಂದರೆ ಪರೀಕ್ಷೆಯಲ್ಲಿ ಭಾರತದ ಬಾಹ್ಯರೇಖೆ ಬರೆದು ನರ್ಮದೆಯನ್ನೂ ಮುಂಬೈಯನ್ನೂ ಗುರುತಿಸುವುದು ಎಂದಾಗಿಬಿಟ್ಟಿದೆ. ಗುರುತಿಸಲು ಕಲಿಸುತ್ತೇವೆ, ಓದಲು ಕಲಿಸುವುದಿಲ್ಲ. ಆ ಮಕ್ಕಳೇ ದೊಡ್ಡವರಾಗಿ ಫಾರ್ವರ್ಡ್ ಮಾಡುತ್ತಾರೆ.

ಬಣ್ಣ ಮತ್ತು ತಾರೀಖು

ಮಳೆಗಾಲದಲ್ಲಿ ಬರುವ ನಕ್ಷೆಗಳು ದೀಪಾವಳಿಯ ಚಿತ್ರದಷ್ಟು ನಿರುಪದ್ರವಿಯಲ್ಲ. ಕರ್ನಾಟಕದ ಜಿಲ್ಲೆಗಳಿಗೆ ಹಳದಿ, ಕಿತ್ತಳೆ, ಕೆಂಪು ಬಳಿದ ಚಿತ್ರ ಬಂದ ಕೂಡಲೇ "ನಾಳೆ ಶಾಲೆಗೆ ರಜೆಯಂತೆ" ಎಂಬ ಮಾತು ಹಬ್ಬುತ್ತದೆ. ಭಾರತೀಯ ಹವಾಮಾನ ಇಲಾಖೆಯ ಈ ಬಣ್ಣಗಳು ನಾವು ಏನು ಮಾಡಬೇಕು ಎಂಬುದನ್ನು ಹೇಳುತ್ತವೆ. ಹಸಿರು ಎಂದರೆ ಎಚ್ಚರಿಕೆ ಇಲ್ಲ, ಹಳದಿ ಎಂದರೆ ಗಮನಿಸುತ್ತಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಬಣ್ಣ ಬಳಿಯುವುದು ಇಡೀ ಜಿಲ್ಲೆಗೆ. ಉತ್ತರ ಕನ್ನಡದಲ್ಲಿ ಕಾರವಾರದ ಕರಾವಳಿಯೂ ಇದೆ, ಘಟ್ಟದ ಮೇಲಿನ ಶಿರಸಿಯೂ ಇದೆ, ಪೂರ್ವದ ಅಂಚಿನಲ್ಲಿ ಮುಂಡಗೋಡವೂ ಇದೆ. ಮೂರೂ ಕಡೆ ಒಂದೇ ಮಳೆ ಬರುವುದಿಲ್ಲ ಎಂದು ಅಲ್ಲಿನವರಿಗೆ ಗೊತ್ತು, ನಕ್ಷೆಯ ಬಣ್ಣ ಮಾತ್ರ ಒಂದೇ.

ಇನ್ನೊಂದು ವಿಷಯ ತಾರೀಖು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಶುರುವಾಗಿ ಮರುದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ನಿನ್ನೆಯ ಕೆಂಪು ಇಂದಿಗೆ ಹಳದಿಯಾಗಿರಬಹುದು. ಅದಕ್ಕಿಂತ ಅಪಾಯದ್ದು, ನಿನ್ನೆಯ ಹಳದಿ ಇಂದು ಕೆಂಪಾಗಿರಬಹುದು. ತಾರೀಖು ಕಾಣದ ಮಳೆ ನಕ್ಷೆಯನ್ನು ಮುಂದೆ ಕಳಿಸಲೇಬೇಡಿ.

ತಾರೀಖು ನೋಡಬೇಕಾದದ್ದು ಮಳೆ ನಕ್ಷೆಯಲ್ಲಿ ಮಾತ್ರವಲ್ಲ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ಕಾರೊಂದು ಅರ್ಧಕ್ಕೆ ನಿಂತ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಆ್ಯಪ್ ತೋರಿಸಿದ ದಾರಿಯಲ್ಲಿ ಅವರು ಹೋಗುತ್ತಿದ್ದರು, ಸೇತುವೆಯ ಒಂದು ಭಾಗ ಪ್ರವಾಹದಲ್ಲಿ ಹೋಗಿದ್ದು ಆ್ಯಪ್‌ನಲ್ಲಿ ಸೇರಿರಲಿಲ್ಲ ಎಂದು ಪೊಲೀಸರು ಹೇಳಿದ್ದಾಗಿ ವರದಿಯಾಯಿತು. ಸೇತುವೆಗೆ ಅಡ್ಡಗಟ್ಟೆ ಹಾಕದೆ ಬಿಟ್ಟವರ ತಪ್ಪೂ ಸಣ್ಣದಲ್ಲ. ಆದರೂ ಫೋನಿನ ನಕ್ಷೆಯೂ ಯಾವುದೋ ಒಂದು ದಿನ ಮಾಡಿದ್ದೇ ಎಂಬುದನ್ನು ರಾತ್ರಿ ಗೊತ್ತಿಲ್ಲದ ದಾರಿಯಲ್ಲಿ ಹೋಗುವಾಗ ಮರೆಯಬಾರದು.

ಮೇಲೆ ಇರುವುದೆಲ್ಲ ಉತ್ತರವೇ?

"ನಕ್ಷೆಯಲ್ಲಿ ಮೇಲೆ ಉತ್ತರ, ಕೆಳಗೆ ದಕ್ಷಿಣ" ಎಂದು ಮಕ್ಕಳು ಕಂಠಪಾಠ ಮಾಡುತ್ತಾರೆ. ಅದು ರೂಢಿ, ನಿಯಮವಲ್ಲ. 1154ರಲ್ಲಿ ಅಲ್ ಇದ್ರಿಸಿ ಎಂಬ ಅರಬ್ ವಿದ್ವಾಂಸ ಸಿಸಿಲಿಯ ರಾಜನಿಗೆ ಮಾಡಿಕೊಟ್ಟ ಪ್ರಪಂಚದ ನಕ್ಷೆಯಲ್ಲಿ ದಕ್ಷಿಣ ಮೇಲಿತ್ತು. ಮಧ್ಯಯುಗದ ಯುರೋಪಿನ ಅನೇಕ ನಕ್ಷೆಗಳಲ್ಲಿ ಮೇಲಿದ್ದದ್ದು ಪೂರ್ವ. ಅಷ್ಟು ದೂರ ಹೋಗುವುದೂ ಬೇಡ. ಫೋನಿನಲ್ಲಿ ದಾರಿ ತೋರಿಸುವ ಆ್ಯಪ್ ಹಾಕಿಕೊಂಡು ಬೈಕ್ ಓಡಿಸುವಾಗ ತೆರೆಯ ಮೇಲ್ಭಾಗದಲ್ಲಿರುವುದು ಸಾಮಾನ್ಯವಾಗಿ ನೀವು ಹೋಗುತ್ತಿರುವ ದಿಕ್ಕು. ತಿರುವು ಬಂದಾಗ ನಕ್ಷೆಯೂ ತಿರುಗುತ್ತದೆ. ಮೂಲೆಯಲ್ಲಿರುವ ಸಣ್ಣ ದಿಕ್ಸೂಚಿಯ ಗುರುತನ್ನು ಒತ್ತಿದರೆ ಉತ್ತರ ಮತ್ತೆ ಮೇಲೆ ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆಯುವ ಮೊದಲು ಇದನ್ನು ಒತ್ತುವ ಅಭ್ಯಾಸ ಒಳ್ಳೆಯದು.

ದಿಕ್ಕು ಕಲಿಯಲು ಮನೆಯಲ್ಲೇ ಒಳ್ಳೆಯ ಪಠ್ಯ ಇದೆ, ಮನೆ ಅಥವಾ ಜಮೀನಿನ ಪತ್ರ. ಅದರಲ್ಲಿ ಚಕ್ಕುಬಂದಿ ಎಂಬ ಭಾಗ ಇರುತ್ತದೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇಂಥವರ ಜಮೀನು, ಉತ್ತರಕ್ಕೆ ಕಾಲುವೆ, ದಕ್ಷಿಣಕ್ಕೆ ಇನ್ನೊಬ್ಬರ ಸ್ವತ್ತು. ಅದನ್ನು ಮಗಳ ಕೈಗೆ ಕೊಟ್ಟು, ಒಂದು ಹಾಳೆಯ ಮೇಲೆ ಚೌಕ ಬರೆದು ನಾಲ್ಕೂ ಕಡೆ ಏನಿದೆ ತುಂಬಲು ಹೇಳಿ. ಆಮೇಲೆ ಹೊರಗೆ ನಿಂತು ಹೊಂದಿಸಿ ನೋಡಲಿ. ಎಷ್ಟೋ ಮನೆಗಳಲ್ಲಿ ದೊಡ್ಡವರೂ ಈ ಪರೀಕ್ಷೆಯಲ್ಲಿ ತಡವರಿಸುತ್ತಾರೆ, ಗಡಿ ಜಗಳ ಬಂದಾಗ ಅದು ನಗುವ ವಿಷಯವಾಗಿ ಉಳಿಯುವುದಿಲ್ಲ.

"ಸೂರ್ಯ ಹುಟ್ಟುವ ಕಡೆ ಪೂರ್ವ" ಎಂಬುದೂ ಅರ್ಧ ಸತ್ಯ. ಸೂರ್ಯ ಸರಿಯಾಗಿ ಪೂರ್ವದಲ್ಲಿ ಹುಟ್ಟುವುದು ವರ್ಷದಲ್ಲಿ ಎರಡೇ ಸಲ, ಮಾರ್ಚ್ ಮತ್ತು ಸೆಪ್ಟೆಂಬರ್‌ನ ವಿಷುವದ ಆಸುಪಾಸು. ಬೆಂಗಳೂರಿನಿಂದ ನೋಡಿದರೆ ಜೂನ್ ಕೊನೆಯಲ್ಲಿ ಪೂರ್ವದಿಂದ ಉತ್ತರಕ್ಕೆ ಸುಮಾರು 24 ಡಿಗ್ರಿ ಸರಿದು, ಡಿಸೆಂಬರ್ ಕೊನೆಯಲ್ಲಿ ದಕ್ಷಿಣಕ್ಕೆ ಅಷ್ಟೇ ಸರಿದು ಹುಟ್ಟುತ್ತಾನೆ. ಕೈ ನೀಟಾಗಿ ಮುಂದೆ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಎರಡೂವರೆ ಮುಷ್ಟಿಯ ವ್ಯತ್ಯಾಸ ಎಂದರೆ ಕಡಿಮೆ ಏನಲ್ಲ.

ಇದಕ್ಕಿಂತ ನಂಬಬಹುದಾದ ದಾರಿ ಕೋಲಿನ ನೆರಳು. ಅಂಗಳದಲ್ಲಿ ಕೋಲೊಂದನ್ನು ನೆಟ್ಟಗೆ ನಿಲ್ಲಿಸಿ, ಮಧ್ಯಾಹ್ನ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಚುಕ್ಕೆ ಇಡುತ್ತ ಹೋಗಿ. ಅತಿ ಗಿಡ್ಡ ನೆರಳಿನ ಗೆರೆಯೇ ಉತ್ತರ ದಕ್ಷಿಣದ ಗೆರೆ. ಗಡಿಯಾರದ ಹನ್ನೆರಡನ್ನು ನಂಬಬೇಡಿ. ಭಾರತದ ಸಮಯ ಮಿರ್ಜಾಪುರದ ಬಳಿ ಹಾದುಹೋಗುವ 82.5 ಡಿಗ್ರಿ ರೇಖಾಂಶದ್ದು. ಬೆಂಗಳೂರು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದೆ, ಒಂದು ಡಿಗ್ರಿಗೆ 4 ನಿಮಿಷ ತಡ. ಹಾಗಾಗಿ ಇಲ್ಲಿ ನಿಜವಾದ ಮಧ್ಯಾಹ್ನ ಸರಾಸರಿ 12.20ಕ್ಕೆ. ಇನ್ನೊಂದು ತಮಾಷೆ ಇದೆ. ಆ ಗಿಡ್ಡ ನೆರಳು ವರ್ಷದ ಹೆಚ್ಚಿನ ದಿನ ಉತ್ತರಕ್ಕೆ ಬಿದ್ದರೂ, ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ದಕ್ಷಿಣಕ್ಕೆ ಬೀಳುತ್ತದೆ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ನೆರಳು ಕೋಲಿನ ಬುಡದಲ್ಲೇ ಮಾಯವಾಗುತ್ತದೆ. ಅದೇ ಶೂನ್ಯ ನೆರಳಿನ ದಿನ.

ಫೋನಿನ ದಿಕ್ಸೂಚಿ ಒಳ್ಳೆಯದೇ, ಆದರೆ ಅದು ಕಾಂತೀಯ ಸೆನ್ಸರ್. ಕಬ್ಬಿಣದ ಗೇಟು, ಕಿಟಕಿಯ ಸರಳು, ಆಯಸ್ಕಾಂತ ಇರುವ ಫೋನ್ ಕವರ್ ಅದನ್ನು ಸುಲಭವಾಗಿ ದಾರಿ ತಪ್ಪಿಸುತ್ತವೆ. ವಾಸ್ತು ನೋಡುತ್ತೇನೆಂದು ಕಬ್ಬಿಣದ ಬಾಗಿಲ ಚೌಕಟ್ಟಿಗೆ ಫೋನ್ ಒತ್ತಿಹಿಡಿಯುವವರು ಈ ಸಾಲನ್ನು ಎರಡು ಸಲ ಓದಬೇಕು.

ಎಷ್ಟು ದೂರ?

ಇನ್ನು ಸ್ಕೇಲ್, ಅಂದರೆ ಅಳತೆಯ ಪ್ರಮಾಣ. ಮನೆಯಿಂದ ಶಾಲೆಗೆ ಹೋಗುವ ದಾರಿಯ ನಕ್ಷೆ ಬರೆ ಎಂದು ಐದನೇ ತರಗತಿಯ ಹುಡುಗನಿಗೆ ಹೇಳಿ ನೋಡಿ. ಪೆಪ್ಪರ್‌ಮಿಂಟ್ ಸಿಗುವ ಅಂಗಡಿ ಶಾಲೆಗಿಂತ ದೊಡ್ಡದಾಗಿರುತ್ತದೆ, ನಾಯಿ ಇರುವ ಮನೆಗೆ ವಿಶೇಷ ಗುರುತು ಇರುತ್ತದೆ, ನಡುವಿನ ಅರ್ಧ ಕಿಲೋಮೀಟರ್ ಖಾಲಿ ರಸ್ತೆ ಒಂದು ಇಂಚಿನಲ್ಲಿ ಮುಗಿದಿರುತ್ತದೆ. ಅದು ತಪ್ಪಲ್ಲ, ಅವನಿಗೆ ಮುಖ್ಯವಾದದ್ದರ ನಕ್ಷೆ ಅದು. ಮರುದಿನ ಹೆಜ್ಜೆ ಎಣಿಸುತ್ತ ಹೋಗಲಿ. ಗಣಿತದ ಚೌಕದ ನೋಟ್‌ಬುಕ್ಕಿನಲ್ಲಿ ಇಪ್ಪತ್ತು ಹೆಜ್ಜೆಗೆ ಒಂದು ಚೌಕ ಎಂದು ಲೆಕ್ಕ ಹಾಕಿ ಮತ್ತೆ ಬರೆಯಲಿ. ಅಂಗಡಿ ಸಣ್ಣದಾಗುತ್ತದೆ, ರಸ್ತೆ ಉದ್ದವಾಗುತ್ತದೆ. ಸ್ಕೇಲ್ ಎಂದರೆ ಏನು ಎಂದು ಮತ್ತೆ ಬಾಯಿಪಾಠ ಮಾಡಿಸಬೇಕಾಗಿಲ್ಲ.

1767ರಲ್ಲಿ ಶುರುವಾದ ಸರ್ವೇ ಆಫ್ ಇಂಡಿಯಾ ಇದನ್ನೇ ದೇಶಕ್ಕೆಲ್ಲ ಮಾಡಿದೆ. ಅದರ ಟೋಪೋಶೀಟ್‌ಗಳಲ್ಲಿ ಹೆಚ್ಚು ಬಳಕೆಯದ್ದು 1:50,000. ಅಂದರೆ ಹಾಳೆಯ ಮೇಲಿನ 1 ಸೆಂ.ಮೀ. ನೆಲದ ಮೇಲೆ 500 ಮೀಟರ್. ನೀಲಿ ಎಂದರೆ ನೀರು, ಹಸಿರು ಎಂದರೆ ಕಾಡು, ಹಳದಿ ಎಂದರೆ ಸಾಗುವಳಿ ಭೂಮಿ. ಕಂದು ಗೆರೆಗಳು ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಸಮೋನ್ನತ ರೇಖೆಗಳು. ಗೆರೆಗಳು ದೂರ ದೂರ ಇದ್ದರೆ ಸಮತಟ್ಟು, ಒಂದಕ್ಕೊಂದು ಅಂಟಿಕೊಂಡಂತಿದ್ದರೆ ಕಡಿದಾದ ಏರು. ಚಾರಣಕ್ಕೆ ಹೊರಟವರು "ಮ್ಯಾಪಿನಲ್ಲಿ ಬರೀ ಎರಡು ಕಿಲೋಮೀಟರ್" ಎಂದು ನೀರಿಲ್ಲದೆ ಹತ್ತಿ ಸುಸ್ತಾಗುವುದು ಈ ಕಂದು ಗೆರೆಗಳನ್ನು ನೋಡದೆ. ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳು ರಾಜ್ಯದ ನಕ್ಷೆಯಲ್ಲಿ ಒಂದು ಸಣ್ಣ ಗೆರೆ. ಜೂಮ್ ಮಾಡಿದಾಗ ಮಾತ್ರ ಅದು ಹಾವಿನಂತೆ ಬಳುಕುತ್ತದೆ.

ಫಾರ್ವರ್ಡ್ ಮಾಡುವವರು ಗಮನಿಸಬೇಕಾದ ಒಂದು ಸೂಕ್ಷ್ಮ ಇಲ್ಲಿದೆ. 1:50,000 ಎಂದು ಬರೆದಿರುವ ನಕ್ಷೆಯ ಫೋಟೋ ತೆಗೆದು ಕಳಿಸಿದರೆ ಆ ಸಂಖ್ಯೆ ಸುಳ್ಳಾಗುತ್ತದೆ, ಏಕೆಂದರೆ ಚಿತ್ರದ ಗಾತ್ರ ಒಂದೊಂದು ಫೋನಿನಲ್ಲಿ ಒಂದೊಂದು. ಆದರೆ ಮೂಲೆಯಲ್ಲಿ ಪಟ್ಟಿಯಂತೆ ಬರೆದಿರುವ ಅಳತೆ ಪಟ್ಟಿ ಚಿತ್ರದ ಜೊತೆಗೇ ಹಿಗ್ಗುತ್ತದೆ, ಕುಗ್ಗುತ್ತದೆ. ಅದು ಯಾವಾಗಲೂ ಸರಿ. ಚಿತ್ರ ಕತ್ತರಿಸುವಾಗ ಆ ಪಟ್ಟಿಯನ್ನು ಉಳಿಸಿ.

ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ದೊಡ್ಡದೇ?

ಕಿತ್ತಳೆ ಸಿಪ್ಪೆಯನ್ನು ಹರಿಯದೆ ಮೇಜಿನ ಮೇಲೆ ಚಪ್ಪಟೆ ಮಾಡಲು ಆಗುವುದಿಲ್ಲ. ಭೂಮಿಯದ್ದೂ ಅದೇ ಕಷ್ಟ. ಗೋಳವನ್ನು ಹಾಳೆಗೆ ಇಳಿಸುವಾಗ ಆಕಾರ, ವಿಸ್ತೀರ್ಣ, ದೂರ ಎಲ್ಲವನ್ನೂ ಒಟ್ಟಿಗೆ ಉಳಿಸಿಕೊಳ್ಳಲಾಗದು. 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ನಾವಿಕರಿಗಾಗಿ ಮಾಡಿದ ನಕ್ಷೆ ದಿಕ್ಕನ್ನು ಉಳಿಸಿತು. ಅದರ ಮೇಲೆ ಎಳೆದ ನೇರ ಗೆರೆಯಲ್ಲಿ ದಿಕ್ಸೂಚಿಯ ಮುಳ್ಳು ಒಂದೇ ಕೋನದಲ್ಲಿರುತ್ತದೆ. ಅದಕ್ಕೆ ಕೊಟ್ಟ ಬೆಲೆ ವಿಸ್ತೀರ್ಣ. ಸಮಭಾಜಕದಿಂದ ದೂರ ಹೋದಷ್ಟೂ ಎಲ್ಲವೂ ಉಬ್ಬುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಉದ್ದ ಎರಡು ಪಟ್ಟು, ವಿಸ್ತೀರ್ಣ ನಾಲ್ಕು ಪಟ್ಟು.

ಆ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ಕಾಣುತ್ತದೆ. ನಿಜದಲ್ಲಿ ಗ್ರೀನ್‌ಲ್ಯಾಂಡ್ ಸುಮಾರು 21.7 ಲಕ್ಷ ಚದರ ಕಿ.ಮೀ., ಆಫ್ರಿಕಾ ಸುಮಾರು 3 ಕೋಟಿ, ಅಂದರೆ ಹದಿನಾಲ್ಕು ಪಟ್ಟು. 32.87 ಲಕ್ಷ ಚದರ ಕಿ.ಮೀ. ಇರುವ ಭಾರತವೂ ಗ್ರೀನ್‌ಲ್ಯಾಂಡ್‌ಗಿಂತ ದೊಡ್ಡದು. "ಬಿಳಿಯರು ಬೇಕೆಂದೇ ನಮ್ಮನ್ನು ಸಣ್ಣದಾಗಿ ತೋರಿಸಿದರು" ಎಂಬ ಫಾರ್ವರ್ಡ್ ಇಲ್ಲಿಂದಲೇ ಹುಟ್ಟುವುದು. ಮರ್ಕೇಟರ್ ಮಾಡಿದ್ದು ಹಡಗಿನ ಕೆಲಸಕ್ಕೆ. ಅದನ್ನು ತರಗತಿಯ ಗೋಡೆಗೆ ಹಾಕಿ ದೇಶಗಳ ಗಾತ್ರ ಕಲಿಸಿದ್ದು ನಮ್ಮ ತಪ್ಪು. ಫೋನಿನ ನಕ್ಷೆಗಳೂ ಬಹುತೇಕ ಇದೇ ವಿಧಾನ ಬಳಸುತ್ತವೆ, ಬೀದಿಯ ಮೂಲೆಗಳ ಕೋನ ಕೆಡುವುದಿಲ್ಲ ಎಂಬ ಕಾರಣಕ್ಕೆ.

ಒಂದು ಗ್ಲೋಬ್ ಮತ್ತು ದಾರದ ತುಂಡು ಇದ್ದರೆ ಮಕ್ಕಳಿಗೆ ಇದನ್ನು ತೋರಿಸಬಹುದು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿನಿಂದ ವಿಮಾನ ತಂದಿತು. ಗೋಡೆಯ ನಕ್ಷೆ ನೋಡಿದರೆ ಇದು ಸುತ್ತು ದಾರಿ. ಗ್ಲೋಬ್ ಮೇಲೆ ಎರಡೂ ಊರುಗಳ ನಡುವೆ ದಾರ ಬಿಗಿಯಾಗಿ ಎಳೆಯಿರಿ, ಅದು ತಾನಾಗಿಯೇ ಧ್ರುವದ ಹತ್ತಿರ ಹೋಗುತ್ತದೆ. ಒಂದು ಊರು 122 ಡಿಗ್ರಿ ಪಶ್ಚಿಮದಲ್ಲಿ, ಇನ್ನೊಂದು 77 ಡಿಗ್ರಿ ಪೂರ್ವದಲ್ಲಿ, ಹೆಚ್ಚುಕಡಿಮೆ ಭೂಮಿಯ ಆಚೆ ಮಗ್ಗುಲು.

ಜೀವ ಉಳಿಸುವ ಎರಡು ಸಂಖ್ಯೆಗಳು

ಪರೀಕ್ಷೆ ಮುಗಿದ ಮೇಲೆ ಅಕ್ಷಾಂಶ, ರೇಖಾಂಶ ಯಾರಿಗೆ ಬೇಕು ಎನ್ನುವವರು ಘಟ್ಟದ ರಸ್ತೆಯಲ್ಲಿ ಒಮ್ಮೆ ಅಪಘಾತ ನೋಡಿರುವುದಿಲ್ಲ. ಸುತ್ತ ಕಾಡು, ಅಂಗಡಿಯಿಲ್ಲ, ಮೈಲಿಕಲ್ಲು ಕಾಣುತ್ತಿಲ್ಲ. 112ಕ್ಕೆ ಕರೆ ಮಾಡಿದಾಗ ಅವರು ಕೇಳುವ ಮೊದಲ ಪ್ರಶ್ನೆಗಳಲ್ಲೊಂದು, ನೀವು ಎಲ್ಲಿದ್ದೀರಿ?

ಇಂಟರ್‌ನೆಟ್ ಇಲ್ಲದಿದ್ದರೆ ಜಿಪಿಎಸ್ ಕೆಲಸ ಮಾಡುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಜಿಪಿಎಸ್ ಎಂದರೆ ಉಪಗ್ರಹಗಳ ಸಂಕೇತವನ್ನು ಫೋನ್ ಕೇಳಿಸಿಕೊಂಡು ತಾನಿರುವ ಜಾಗ ಲೆಕ್ಕ ಹಾಕುವುದು. ಅದಕ್ಕೆ ಡೇಟಾ ಬೇಡ. ಕೆಲವೊಮ್ಮೆ ಒಂದೆರಡು ನಿಮಿಷ ಹೆಚ್ಚು ಹಿಡಿಯಬಹುದು, ಆಕಾಶ ಕಾಣುವ ಜಾಗದಲ್ಲಿ ನಿಲ್ಲಬೇಕು. ಡೇಟಾ ಬೇಕಿರುವುದು ಹಿನ್ನೆಲೆಯ ನಕ್ಷೆಯ ಚಿತ್ರ ತೋರಿಸಲು ಮಾತ್ರ. ಹೊರಡುವ ಮುನ್ನ ಆ ಪ್ರದೇಶದ ನಕ್ಷೆಯನ್ನು ಡೌನ್‌ಲೋಡ್ ಮಾಡಿಕೊಂಡರೆ ಅದೂ ಬೇಡ. ನಕ್ಷೆಯಲ್ಲಿ ನೀವಿರುವ ಜಾಗವನ್ನು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ. ಕರೆ ಸಿಕ್ಕಾಗ ಅದನ್ನು ಓದಿ ಹೇಳಬಹುದು, ಎಸ್‌ಎಂಎಸ್ ಮಾಡಬಹುದು.

ಮೊದಲ ಸಂಖ್ಯೆ ಅಕ್ಷಾಂಶ, ಎರಡನೆಯದು ರೇಖಾಂಶ. ಬೆಂಗಳೂರಿಗೆ 12.97, 77.59. ಗಾಬರಿಯಲ್ಲಿ ಇವನ್ನು ಅದಲು ಬದಲು ಮಾಡಿ 77.59, 12.97 ಎಂದು ಹಾಕಿದರೆ ನೀವು ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಹಿಮಸಮುದ್ರದಲ್ಲಿರುತ್ತೀರಿ. ಅದಕ್ಕೊಂದು ಸುಲಭ ಪರೀಕ್ಷೆ ಮಕ್ಕಳಿಗೆ ಕಲಿಸಿ: ಕರ್ನಾಟಕದ ಒಳಗೆ ಎಲ್ಲೇ ಇದ್ದರೂ ಮೊದಲ ಸಂಖ್ಯೆ 11 ಮತ್ತು 19ರ ನಡುವೆ, ಎರಡನೆಯದು 74 ಮತ್ತು 79ರ ನಡುವೆ ಇರಬೇಕು.

ಇನ್ನೊಂದು ತಪ್ಪು ಮೇಲ್ನೋಟಕ್ಕೆ ಕಾಣುವುದೇ ಇಲ್ಲ. ಪುಸ್ತಕದಲ್ಲಿ 12 ಡಿಗ್ರಿ 58 ನಿಮಿಷ ಎಂದು ಇರುತ್ತದೆ. ಒಂದು ಡಿಗ್ರಿಗೆ 60 ನಿಮಿಷ, ಹಾಗಾಗಿ ಅದು 12.97. ಅದನ್ನೇ 12.58 ಎಂದು ಒತ್ತಿದರೆ, 77 ಡಿಗ್ರಿ 35 ನಿಮಿಷವನ್ನು 77.35 ಎಂದು ಒತ್ತಿದರೆ, ಬೆಂಗಳೂರಿನ ಜಾಗ ಸುಮಾರು 50 ಕಿ.ಮೀ. ದೂರ ಕನಕಪುರದ ಕಡೆಗೆ ಹೋಗುತ್ತದೆ. ಮೇಲಿನ ಪರೀಕ್ಷೆಯಲ್ಲೂ ಇದು ಪಾಸಾಗುತ್ತದೆ, ಅದೇ ಅಪಾಯ. ದಶಮಾಂಶವೋ ನಿಮಿಷವೋ ಎಂದು ಹೇಳುವಾಗಲೇ ಸ್ಪಷ್ಟ ಮಾಡಬೇಕು.

ಬಿಂದುವಿನ ನಂತರ ಎಷ್ಟು ಅಂಕಿ ಹೇಳಬೇಕು? ಒಂದು ಡಿಗ್ರಿ ಅಕ್ಷಾಂಶ ಎಂದರೆ ನೆಲದ ಮೇಲೆ ಸುಮಾರು 111 ಕಿ.ಮೀ. ಒಂದೊಂದು ಅಂಕಿ ಸೇರಿದಂತೆ ಅದು ಹತ್ತನೇ ಒಂದು ಭಾಗವಾಗುತ್ತದೆ. ಎರಡು ಅಂಕಿ ಹೇಳಿದರೆ ಒಂದು ಕಿಲೋಮೀಟರ್ ಸುತ್ತಳತೆಯಲ್ಲಿ ಹುಡುಕಬೇಕು, ಮೂರು ಹೇಳಿದರೆ ನೂರು ಮೀಟರ್ ಸುಮಾರು, ನಾಲ್ಕು ಹೇಳಿದರೆ ಹನ್ನೊಂದು ಮೀಟರ್. ಆಂಬ್ಯುಲೆನ್ಸ್‌ಗೆ ನಾಲ್ಕು ಸಾಕು. ಫೋನ್ ಆರೇಳು ಅಂಕಿ ತೋರಿಸುತ್ತದೆ ಎಂದ ಮಾತ್ರಕ್ಕೆ ಅದಕ್ಕೆ ಅಷ್ಟು ನಿಖರವಾಗಿ ಗೊತ್ತಿದೆ ಎಂದಲ್ಲ. ತೆರೆದ ಬಯಲಿನಲ್ಲಿ ಫೋನಿನ ಜಿಪಿಎಸ್ ಐದು ಮೀಟರ್ ಆಸುಪಾಸು ಸರಿ ಇರುತ್ತದೆ. ಎತ್ತರದ ಕಟ್ಟಡಗಳ ನಡುವೆ, ದಟ್ಟ ಮರಗಳ ಕೆಳಗೆ ಇನ್ನೂ ತಪ್ಪುತ್ತದೆ. ನೀಲಿ ಚುಕ್ಕೆಯ ಸುತ್ತ ತಿಳಿ ನೀಲಿ ವೃತ್ತ ಕಾಣುತ್ತದಲ್ಲ, "ಈ ವೃತ್ತದೊಳಗೆ ಎಲ್ಲೋ ಇದ್ದೀರಿ" ಎಂದು ಫೋನ್ ಹೇಳುವ ರೀತಿ ಅದು. ವೃತ್ತ ದೊಡ್ಡದಿದ್ದರೆ ಸ್ವಲ್ಪ ಕಾಯಿರಿ, ಚಿಕ್ಕದಾದ ಮೇಲೆ ಲೊಕೇಶನ್ ಕಳಿಸಿ.

ಲೊಕೇಶನ್ ಕಳಿಸಿದ ಮೇಲೂ ಬಾಯಿಮಾತಿನಲ್ಲಿ ಒಂದು ಗುರುತು ಹೇಳಿ: ಯಾವ ಊರಿನಿಂದ ಯಾವ ಊರಿಗೆ ಹೋಗುವ ರಸ್ತೆ, ಕೊನೆಯದಾಗಿ ದಾಟಿದ ಸೇತುವೆ ಅಥವಾ ಚೆಕ್‌ಪೋಸ್ಟ್, ರಸ್ತೆಯ ಎಡಕ್ಕೋ ಬಲಕ್ಕೋ. ಎಡ ಬಲ ಹೇಳುವಾಗ ಯಾವ ಊರಿನ ಕಡೆ ಮುಖ ಮಾಡಿ ಹೇಳುತ್ತಿದ್ದೀರಿ ಎಂಬುದನ್ನೂ ಸೇರಿಸಿ, ಆಂಬ್ಯುಲೆನ್ಸ್ ಎದುರು ದಿಕ್ಕಿನಿಂದ ಬರುತ್ತಿರಬಹುದು.